ಮೊದಲು ಕೆಂಪಾಗುವ ಕೂದಲು

ನೆನೆಸಿದ ಗೋರಂಟಿಯ ವಾಸನೆ ನಿಮಗೆ ಹೇಗನ್ನಿಸುತ್ತದೋ ನನಗೆ ಗೊತ್ತಿಲ್ಲ. ನನಗಂತೂ ಒಣಹುಲ್ಲಿನ ಮೇಲೆ ಯಾರೋ ನೀರು ಚೆಲ್ಲಿದ ಹಾಗೆ. ಎರಡು ಸಲ ಸೋಪು ಹಚ್ಚಿ ತೊಳೆದರೂ ಅದು ನನ್ನ ಬೆರಳುಗಳಿಂದ ಇನ್ನೂ ಹೋಗಿಲ್ಲ.

ಹತ್ತು ವರ್ಷಗಳಿಂದ ನಾನು ತಲೆಗೆ ಪ್ಯಾಕೆಟ್ಟಿನ ಕಪ್ಪು ಹಚ್ಚುತ್ತಿದ್ದೆ. ಹೊಸಪೇಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರಗಳನ್ನು ಓದಬಲ್ಲೆ, ಓದಿಯೂ ಹಚ್ಚಿಕೊಳ್ಳಬಲ್ಲೆ. ಈ ಸಲ ಕಿವಿಯ ಹಿಂದೆ ತುರಿಕೆ ಎದ್ದು, ಹಣೆ ಊದಿ, ಎರಡು ದಿನ ಟೋಪಿ ಹಾಕಿಕೊಂಡು ಪಾಠ ಮಾಡಬೇಕಾಯಿತು. ಚರ್ಮದ ಡಾಕ್ಟರು ಬಣ್ಣ ಬಿಟ್ಟುಬಿಡಿ ಅಂದರು. ಬಿಡುವ ಧೈರ್ಯ ನನಗೆಲ್ಲಿಂದ ಬರಬೇಕು? ಸೌಮ್ಯವಾದ ಬಣ್ಣ ಹುಡುಕಲು ಹೊರಟೆ. ಎಲೆಯ ಚಿತ್ರ ಹಾಕಿ 'ನ್ಯಾಚುರಲ್' ಎಂದು ಬರೆದ ಕಪ್ಪು ಮೆಹಂದಿಯ ಡಬ್ಬಿಗಳನ್ನು ತಿರುಗಿಸಿ ನೋಡಿದರೆ, ನನ್ನ ಹಣೆ ಊದಿಸಿದ ಅದೇ ರಾಸಾಯನಿಕದ ಹೆಸರು.

ಅಷ್ಟರಲ್ಲಿ ಎರಡು ಸಲ ಕ್ಷೌರವಾಗಿ ಹಳೆಯ ಕಪ್ಪು ಹೋಗಿ ಬಿಳಿಯೇ ಉಳಿದಿತ್ತು. ಕೊನೆಗೆ ಕಳೆದ ವಾರ ಬೇರು-ನಾರು ಮಾರುವ ಗ್ರಂಧಿಗೆ ಅಂಗಡಿಗೆ ಹೋದೆ. ಅಂಗಡಿಯವರು ಎರಡು ಪೊಟ್ಟಣ ಮುಂದಿಟ್ಟರು.

"ಸರ, ಇದು ಬರೇ ಗೋರಂಟಿ ಎಲಿ, ಇದು ಬರೇ ನೀಲಿ ಎಲಿ. ಬ್ಯಾರೆ ಏನೂ ಇಲ್ಲ. ಮೊದಲು ಗೋರಂಟಿ ಹಚ್ರಿ. ತಲಿ ಬೆಂಕಿ ಹತ್ತಿದಂಗ ಕೆಂಪಗ ಆಗತೈತಿ, ಹೆದರಬ್ಯಾಡ್ರಿ. ಅದನ್ನ ತೊಳಕೊಂಡು ಮ್ಯಾಲ ನೀಲಿದು ಹಚ್ಚಿದ್ರ ಕಪ್ಪಾಗತೈತಿ. ಅರ್ಧಕ್ಕ ಬಿಟ್ಟು ಮಂದಿ ಮುಂದ ಹೋದ್ರಿ ಅಂದ್ರ ಮುಗೀತು ನಿಮ್ಮ ಕತಿ."

ಅವರು ನಕ್ಕರು. ನನಗೆ ನಗಲಾಗಲಿಲ್ಲ. ಹಾಗೆ ಅರ್ಧಕ್ಕೆ ಬಿಟ್ಟು ಜನರ ಮುಂದೆ ಬಂದ ಒಂದು ತಲೆಯನ್ನು ನಾನು ನೋಡಿದ್ದೆ. ಅದು ಅರ್ಧ ಮುಗಿದ ಕೆಲಸ ಎಂಬುದು ಮೂವತ್ತು ವರ್ಷ ತಡವಾಗಿ, ಆ ಅಂಗಡಿಯ ಕಟ್ಟೆಯ ಮುಂದೆ ನಿಂತಾಗ ಹೊಳೆಯಿತು. ಓದಿದ್ದು ರಸಾಯನಶಾಸ್ತ್ರ, ನೋಡಿ.

ಆ ತಲೆ ಕಂಪ್ಲಿಯ ಚಿಗವ್ವನದು. ನನ್ನ ಅವ್ವನ ತಂಗಿ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಪ್ಪನಿಗೆ ದೋಣಿಮಲೈ ಗಣಿಯಲ್ಲಿ ಶಿಫ್ಟು. ಹಾಗಾಗಿ ಚಿಗವ್ವನೇ ನನ್ನನ್ನು ಸಾಕಿದಳು, ಭತ್ತದ ಗದ್ದೆಗಳಲ್ಲಿ ನಾಟಿ ಹಚ್ಚುವ ಕೂಲಿ ಮಾಡುತ್ತ. ಮೂವತ್ತೈದಕ್ಕೇ ಅವಳ ಕೂದಲು ಬೆಳ್ಳಗಾಗಿತ್ತು. ಅದರ ಬಗ್ಗೆ ಅವಳು ತಲೆಕೆಡಿಸಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ನಾನು ಸಂಡೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಹಾಸ್ಟೆಲ್ಲಿನ ವಾರ್ಷಿಕ ದಿನಕ್ಕೆ ಮನೆಯವರನ್ನು ಕರೆಯುವ ರೂಢಿಯಿತ್ತು. ಚಿಗವ್ವನಿಗೆ ನಾನೂ ಕಾಗದ ಬರೆದಿದ್ದೆ: ಬಸ್ಸು ಸರಿಯಿಲ್ಲ, ರಸ್ತೆ ತುಂಬ ಅದಿರಿನ ಲಾರಿ, ಧೂಳು. ಓದಿದವರಿಗೆ ಬರಬೇಡ ಎಂದು ಅರ್ಥವಾಗುವ ಕಾಗದ. ಚಿಗವ್ವನಿಗೆ ಓದಲು ಬರುತ್ತಿರಲಿಲ್ಲ. ಓದಿ ಹೇಳಿದವರು ಏನೆಂದು ಹೇಳಿದರೋ, ಅವಳು ಬಂದುಬಿಟ್ಟಳು. ಗೇಟಿನ ಬಳಿ ಬಸ್ಸಿನಿಂದ ಇಳಿದವಳ ತಲೆ ಕಿತ್ತಳೆ ಹಣ್ಣಿನ ಬಣ್ಣವಾಗಿತ್ತು. ಹಣೆಯಂಚಿನಲ್ಲೂ ಅದೇ ಬಣ್ಣದ ಗೆರೆ.

ಪಕ್ಕದಲ್ಲಿದ್ದ ಗೆಳೆಯ ಮೊಣಕೈಯಿಂದ ತಿವಿದ. "ಲೇ, ಅದಿರಿನ ಧೂಳೆಲ್ಲ ಆಕಿ ತಲಿ ಮ್ಯಾಲ ಕುಂತೈತಲೇ! ಯಾರಲೇ ಆಕಿ?"

"ನಮ್ಮೂರಾಕಿ," ಎಂದೆ.

ಸುಳ್ಳೇನಲ್ಲ. ಅವಳೂ ಕಂಪ್ಲಿಯವಳೇ. ಎಷ್ಟೋ ವರ್ಷ ಈ ತರ್ಕದ ಮೇಲೇ ದಿನ ದೂಡಿದ್ದೇನೆ. ನಡುವೆ ಕೆಲವು ವರ್ಷ ಅದು ನಿಜಕ್ಕೂ ಧೂಳೇ ಇರಬೇಕು ಎಂದೂ ನಂಬಿದ್ದೆ. ಆ ದಿನದಲ್ಲಿ ನನಗೆ ಸಂಶಯವೇ ಇಲ್ಲದ್ದು ಎರಡೇ. ನನ್ನ ಕೈಗೆ ಬಂದ ಶೇಂಗಾ ಹೋಳಿಗೆಯ ಗಂಟು, ಮತ್ತು ಕಾರ್ಯಕ್ರಮ ಶುರುವಾಗುವ ಮೊದಲೇ ಅವಳು ತಿರುಗಿ ಬಸ್ಸು ಹತ್ತಿದ್ದು. ನಾನು ಇರು ಅನ್ನಲಿಲ್ಲ.

ಇವತ್ತು ಭಾನುವಾರ, ಎರಡೂ ಪೊಟ್ಟಣ ಹಿಡಿದು ಕಂಪ್ಲಿಗೆ ಹೋದೆ. ಎಪ್ಪತ್ತು ದಾಟಿದ ಚಿಗವ್ವನ ತಲೆ ಈಗ ಪೂರ್ತಿ ಹತ್ತಿ.

"ನಿನಗ್ಯಾಕಲೇ ಬಣ್ಣ, ಮೊಮ್ಮಕ್ಕಳ ಕಾಣೋ ವಯಸ್ಸಿಗೆ?" ಎನ್ನುತ್ತಲೇ ಕಬ್ಬಿಣದ ಬಾಣಲಿಯಲ್ಲಿ ಚಹಾದ ಡಿಕಾಕ್ಷನ್ ಹಾಕಿ ಗೋರಂಟಿ ಕಲಸಿದಳು. ಊಟವಾದ ಮೇಲೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಹಿಂದೆ ಕುಳಿತು ಹಚ್ಚತೊಡಗಿದಳು. ಅವಳ ಮುಖ ಕಾಣುತ್ತಿರಲಿಲ್ಲವಾದ್ದರಿಂದ ಕೇಳುವ ಧೈರ್ಯ ಬಂತು.

"ಚಿಗವ್ವಾ, ನೀ ಹಾಸ್ಟೆಲ್ಲಿಗೆ ಬಂದಾಗ ತಲಿ ಕೆಂಪಗಿತ್ತಲ್ಲ, ನೀಲಿದು ಯಾಕ ಹಚ್ಚಿರಲಿಲ್ಲ?"

"ಕಲಸಿ ಇಟ್ಟಿದ್ದೆ. ಅಷ್ಟರಾಗ ಬಸ್ಸು ಬಂತು. ಅದು ಬಿಟ್ರ ಸಂಜಿತನಕ ಇನ್ನೊಂದಿರಲಿಲ್ಲ." ಅವಳು ನಕ್ಕಳು. "ಬಿಳಿ ತಲಿ ಹೊತ್ಕೊಂಡು ಬಂದ್ರ ನಿನಗ ನಾಚಿಕಿ ಆಗತೈತಿ ಅಂತ ಹಚ್ಚಿಕೊಂಡಿದ್ದೆ. ಇನ್ನೂ ಭಾಳ ನಾಚಿಕಿ ಮಾಡಿಟ್ಟೆ ನೋಡು."

"ಅವತ್ತು ನಿನ್ನ ನಮ್ಮೂರಾಕಿ ಅಂದುಬಿಟ್ಟೆ. ನಂದು ತಪ್ಪಾತು."

ಅವಳ ಬೆರಳು ನಿಂತವು. "ನೀ ಎಲ್ಲಿ ಅಂದಿ? ಆ ಹುಡುಗ ಕೇಳಿದ, ನೀ ಬಾಯಿ ತಗೀಲಿಲ್ಲ. ನೆಲ ನೋಡ್ಕೋತ ನಿಂತಿ. ಇವರೂರಾಕಿ ಅಂತ ನಾನೇ ಅಂದೆ. ತಲಿ ಅಳ್ಳಾಡಿಸಬ್ಯಾಡ, ಕಿವಿಗೆ ಹತ್ತತೈತಿ."

ನಾನು ಅಲ್ಲಾಡದೆ ಕುಳಿತೆ. ಅವಳು ಹೇಳಿದ್ದು ನಿಜವಾದರೆ, ಆ ಸುಳ್ಳನ್ನು ಆಡುವಷ್ಟು ಬಾಯಿ ಕೂಡ ನನಗಿರಲಿಲ್ಲ. ಅದನ್ನೂ ಅವಳೇ ನನಗಾಗಿ ಮಾಡಿಕೊಟ್ಟಿದ್ದಳು. ನಿಜವಲ್ಲವಾದರೆ, ನನ್ನನ್ನು ಉಳಿಸಲು ಈಗ ಮತ್ತೊಮ್ಮೆ ಸುಳ್ಳು ಹೇಳುತ್ತಿದ್ದಳು. ಯಾವುದೆಂದು ತಿಳಿಯಲು ನನ್ನ ಬಳಿ ಯಾವ ಪರೀಕ್ಷೆಯೂ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಗೆ ಕಳೆದ ವರ್ಷ ಬಾಡಿಗೆಗೆ ಬಂದ ಹೆಣ್ಣುಮಗಳು ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದಳು. ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು.

"ಯಾರಬೇ ಇವರು, ತಲಿಗೆ ಸಗಣಿ ಮೆತ್ತಿದಂಗ ಕುಂತಾರ?"

ಚಿಗವ್ವನ ಬೆರಳು ಮತ್ತೆ ನನ್ನ ನೆತ್ತಿಯ ಮೇಲೆ ನಿಂತವು. ಐವತ್ತು ದಾಟಿದ ಈ ವಯಸ್ಸಿನಲ್ಲೂ ನನ್ನ ಕೈ ಮೊದಲು ಹೋದದ್ದು ಹಣೆಯ ಮೇಲೆ ಇಳಿಯುತ್ತಿದ್ದ ಹಸಿರು ನೀರನ್ನು ಒರೆಸಿಕೊಳ್ಳಲು. ಆಮೇಲೆ ಹೇಳಿದೆ: "ಈಕಿ ಮಗ ರೀ ನಾನು."

"ಹೌದಾ?" ಹೆಣ್ಣುಮಗಳು ಚಿಗವ್ವನ ಕಡೆ ತಿರುಗಿದಳು. "ಒಂದಿನ ಆದ್ರೂ ಹೇಳಿಲ್ಲಲ್ಲಬೇ, ಮಗ ಅದಾನ ಅಂತ?"

"ಈಗ ಅವನೇ ಹೇಳಿದನಲ್ಲ," ಎಂದು ಚಿಗವ್ವ ಹೆಪ್ಪು ತರಲು ಒಳಗೆ ಎದ್ದು ಹೋದಳು.

ತಲೆ ತೊಳೆದ ಮೇಲೆ ನೀಲಿಯ ಪೊಟ್ಟಣ ಒಡೆಯಲು ಹೊರಟವಳನ್ನು ತಡೆದೆ. ಮಂದಿ ನಗತಾರಲೇ ಅಂದಳು. ನಗಲಿ ಅಂದೆ. ಹಾಗಂದವನು ಹೊಸಪೇಟೆಯವರೆಗೂ ಬಸ್ಸಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡೇ ಬಂದೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ನಾಳೆ ಕಾಲೇಜಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಇದನ್ನು ಯಾರು ಹಚ್ಚಿದರು ಅಂತ. ಈ ಸಲ ಹಣೆ ಒರೆಸಿಕೊಳ್ಳದೆ ಉತ್ತರ ಹೇಳಬೇಕು. ಎರಡೇ ಎರಡು ಶಬ್ದ. ಕಿತ್ತಳೆ ತಲೆ ಹೊತ್ತು ಕನ್ನಡಿಯ ಮುಂದೆ ನಿಂತು, ಅದನ್ನು ಹೇಳಿ ಹೇಳಿ ನೋಡುತ್ತಿದ್ದೇನೆ: "ನಮ್ಮ ಅವ್ವ."