ಹುಲಿಗೆಮ್ಮ ಹಾಕಿದ ಪೆನ್ಸಿಲ್ ಗುರುತು

ನನ್ನ ಒಂದು ಸುಳ್ಳಿಗೆ ಬೆಲೆ ತೆತ್ತವಳು ಹುಲಿಗೆಮ್ಮ — ನೌಕರಿ ಹೋಯಿತು, ಹೆಸರೂ ಕೆಟ್ಟಿತು. ನನಗೆ ಸಿಕ್ಕಿದ್ದು ಇನ್ನೆರಡು ಗೋದಾಮುಗಳ ಕೆಲಸ. ಆ ಕೆಲಸ ಕೈತಪ್ಪಬಾರದೆಂದೇ ಸುಳ್ಳು ಹೇಳಿದೆ. ಏಳು ವರ್ಷವಾಯಿತು, ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಚಿತ್ತವಾಡ್ಗಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹಳೆಯ ಮಷಿನ್ ಬಿಚ್ಚಿ, ಜೋಡಿಸಿ, ಗಿರಾಕಿಯ ಜೊತೆ ಚೌಕಾಸಿ ಮಾಡಿ ಮೇಲೆ ಬಂದವನು ನಾನು. ಕಂಪ್ಲಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಸಾಹುಕಾರರೊಬ್ಬರು ಗೋದಾಮಿಗೆ ಹೊಸ ಕಂಪ್ಯೂಟರ್ ತಂದಿದ್ದರು. ಹಳೆಯ ರಿಜಿಸ್ಟರಿನಲ್ಲಿದ್ದ ಸಾವಿರಾರು ಬಿಡಿಭಾಗಗಳ ಹೆಸರು, ನಂಬರು, ಇಟ್ಟ ಜಾಗ — ಎಲ್ಲವನ್ನೂ ಅಲ್ಲಿ ಕೂತು ಟೈಪ್ ಮಾಡಬೇಕು. ಅದು ಗೋದಾಮಿನ ಮುಂದೆಯೇ ಇರುವ ಅವರ ಅಂಗಡಿಯ ದೊಡ್ಡ ಕಂಪ್ಯೂಟರಿಗೆ ಹೋಗಿ ಸೇರಬೇಕು. ನಡುವೆ ಡ್ರೈವರ್ ಹಾಕಿ ಕನೆಕ್ಷನ್ ಕೊಡುವುದು ನನ್ನ ಕೆಲಸ. ಡ್ರೈವರ್ ಅಂದರೆ ದಲ್ಲಾಳಿ ಇದ್ದ ಹಾಗೆ. ಬರೆದುಕೊಟ್ಟ ವಿಳಾಸಕ್ಕೆ ಮಾಲು ಮುಟ್ಟಿಸುತ್ತದೆ, ವಿಳಾಸ ಸರಿಯೇ ಎಂದು ಕೇಳುವುದಿಲ್ಲ.

ನಾನು ಕನೆಕ್ಷನ್ ಕೊಡಲು ಹೋದ ದಿನ ಅಂಗಡಿಗೆ ಬೀಗ, ದೊಡ್ಡ ಕಂಪ್ಯೂಟರ್ ಬಂದ್. ನನ್ನದೊಂದು ರೂಢಿ ಇತ್ತು. ಎದುರಿಗಿರುವ ಕಂಪ್ಯೂಟರಿನಲ್ಲೇ ಒಂದು ಟ್ರಯಲ್ ಕಾಪಿ ಮಾಡಿ, ಅದಕ್ಕೂ ಅಸಲಿ ಪಟ್ಟಿಯ ಹೆಸರನ್ನೇ ಇಟ್ಟು, ಅದಕ್ಕೇ ಕನೆಕ್ಷನ್ ಕೊಟ್ಟು “ನಡೀತೈತಿ ನೋಡ್ರಿ” ಎಂದು ತೋರಿಸಿ ಎದ್ದುಬಿಡುವುದು. ಅವತ್ತೂ ಹಾಗೇ ಮಾಡಿ, ನಾಳೆ ಬಂದು ವಿಳಾಸ ಬದಲಿಸಿದರಾಯಿತು ಅಂದುಕೊಂಡೆ. ಮರುದಿನ ಸಂಡೂರಿನಿಂದ ದೊಡ್ಡ ಕೆಲಸ ಬಂತು — ಮರೆತೆ.

ಹುಲಿಗೆಮ್ಮ ಎಮ್ಮಿಗನೂರಿನವಳು, ಗದ್ದೆ ಕೂಲಿಗೆ ಹೋಗುವ ಮನೆಯ ಮಗಳು. ಡಿಗ್ರಿ ಮುಗಿಸಿ ಹಿಡಿದ ಮೊದಲ ನೌಕರಿ. ಮೂರು ವಾರ ಟೈಪ್ ಮಾಡಿದಳು. ಒಂದೊಂದು ಸಾಲು ಮುಗಿದಂತೆ ರಿಜಿಸ್ಟರಿನಲ್ಲಿ ಪೆನ್ಸಿಲಿನ ಸಣ್ಣ ಗುರುತು. ಎಲ್ಲವೂ ಹೋಗಿ ಬಿದ್ದದ್ದು ನನ್ನ ಟ್ರಯಲ್ ಕಾಪಿಗೆ. ಸಾಹುಕಾರರು ಅಂಗಡಿಯಲ್ಲಿ ತೆರೆದು ನೋಡಿದರೆ ಖಾಲಿ.

ನನ್ನನ್ನು ಕರೆಸಿದರು. ನಾನು ಹೋದಾಗ ಅವಳನ್ನು ಅಂಗಡಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು: “ಮೂರು ವಾರ ಫ್ಯಾನಿನ ಗಾಳಿ ಕುಡ್ಕೋತ ಕುಂತಿದ್ದೇನವಾ?”

“ನನ್ನ ಮಷಿನ್ನಾಗ ಎಲ್ಲಾ ಕಾಣತೈತ್ರಿ ಸಾವ್ಕಾರ್ರ. ಬಂದು ನೋಡ್ರಿ.”

“ನನಗೇನ್ ತಿಳೀತೈತಿ? ನೀನ ಹೋಗಿ ನೋಡಿ ಬಾರಪಾ,” ಎಂದು ನನ್ನ ಕಡೆ ತಿರುಗಿದರು.

ಗೋದಾಮಿಗೆ ಒಬ್ಬನೇ ಹೋದೆ. ಒಂದು ನಿಮಿಷದಲ್ಲಿ ತಿಳಿಯಿತು. ಅವಳ ಸಾಲುಗಳೆಲ್ಲ ಅಲ್ಲೇ ಇದ್ದವು, ಒಂದೂ ತಪ್ಪಿಲ್ಲದೆ. ಎತ್ತಿ ದೊಡ್ಡ ಕಂಪ್ಯೂಟರಿಗೆ ಹಾಕುವುದು ಅರ್ಧ ಗಂಟೆಯ ಕೆಲಸ — ಬರೀ ಅರ್ಧ ಗಂಟೆ. ಆದರೆ ಸಾಹುಕಾರರ ಉಳಿದ ಎರಡು ಗೋದಾಮುಗಳ ಕೆಲಸವನ್ನೂ ನನಗೇ ಕೊಡುವ ಮಾತು ಇನ್ನೂ ಮುಗಿದಿರಲಿಲ್ಲ. ತಪ್ಪು ನನ್ನದು ಅಂದರೆ...

ವಿಳಾಸವನ್ನು ದೊಡ್ಡ ಕಂಪ್ಯೂಟರಿಗೆ ಬದಲಿಸಿದೆ. ಟ್ರಯಲ್ ಕಾಪಿ ಅಳಿಸಿದೆ. ಆಮೇಲೆ ಇಬ್ಬರನ್ನೂ ಕರೆದೆ.

“ಮುಂಜಾನಿ ಇತ್ತಲ್ರೀ ಅಣ್ಣಾರ...” ಹುಲಿಗೆಮ್ಮ ಖಾಲಿ ಪರದೆಯನ್ನು ಕೈಯಿಂದ ಮುಟ್ಟಿದಳು.

“ಕನೆಕ್ಷನ್ ಬರೋಬರಿ ಐತ್ರಿ ಸಾವ್ಕಾರ್ರ,” ಎಂದೆ ನಾನು. “ಟೈಪ್ ಮಾಡಿದ್ರ ಎಲ್ಲಿಗೆ ಹೋಗತಿತ್ತು?”

ಅವಳು ರಿಜಿಸ್ಟರ್ ತೆರೆದು ಗುರುತುಗಳನ್ನು ತೋರಿಸಿದಳು. “ಗುರುತು ಹಾಕಾಕ ಪೆನ್ಸಿಲ್ ಒಂದಿದ್ರ ಸಾಕವಾ,” ಅಂದರು ಸಾಹುಕಾರರು. ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಗೊತ್ತಾಗಿತ್ತೋ ಏನೋ — ಬುತ್ತಿಡಬ್ಬಿ ಎತ್ತಿಕೊಂಡು ಹೊರಟಳು.

ಕೂತು ಸಂಬಳ ತಿಂದವಳು ಎಂಬ ಮಾತು ಕಂಪ್ಲಿಯ ಅಂಗಡಿಗಳಲ್ಲೆಲ್ಲ ಹರಡಿತು. ಮತ್ತೆ ಯಾರೂ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಲಿಲ್ಲ. ಮೊನ್ನೆ ಎಮ್ಮಿಗನೂರಿನ ದಾರಿಯಲ್ಲಿ, ಭತ್ತ ನಾಟಿಯ ಸಾಲಿನಲ್ಲಿ ಬಗ್ಗಿದ್ದಳು. ನಾನು ಬೈಕು ನಿಲ್ಲಿಸಲಿಲ್ಲ.

ಈಗ ಇದೇ ಮಾತನ್ನು ನನ್ನ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಬರೆದು ಸೀಲು ಒತ್ತಿದ್ದೇನೆ. ಮೊದಲು ಅವಳ ಮನೆಗೆ, ಆಮೇಲೆ ಸಾಹುಕಾರರಿಗೆ. ಏಳು ವರ್ಷ ಅದರಿಂದ ವಾಪಸ್ ಬರುವುದಿಲ್ಲ.

ನಿಮಗೊಂದು ಮಾತು. ಕನೆಕ್ಷನ್ ಕೊಟ್ಟವನು ಚಹಾ ಕುಡಿದು ಏಳುವ ಮೊದಲು ಒಂದು ಸಾಲು ಟೈಪ್ ಮಾಡಿಸಿ, ಇನ್ನೊಂದು ಕಂಪ್ಯೂಟರಿನವರೆಗೆ ನೀವೇ ನಡೆದುಹೋಗಿ ಅದು ಬಂತೇ ನೋಡಿ. ಮುಂದೆ ಏನಾದರೂ ಕಾಣೆಯಾದರೆ, ಟೈಪ್ ಮಾಡಿದವರ ಪಕ್ಕದಲ್ಲಿ ಕೂತು ಅವರ ಪರದೆ ನೋಡಿ. ಕನೆಕ್ಷನ್ ಕೊಟ್ಟವನನ್ನು ಒಬ್ಬನೇ ಒಳಗೆ ಕಳಿಸಬೇಡಿ — ಅವನು ನಾನೇ ಆಗಿದ್ದರೂ.