ಸೆಲ್ಲಕ್ಕನ ಮಾತು

ಸಂಶೋಧನಾಲಯದ ಎರಡನೆಯ ಮಹಡಿಯ ಮೂಲೆಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಜೀವಕೋಶಗಳನ್ನು ಸಾಕುತ್ತಿದ್ದ ಹೆಂಗಸನ್ನು ಎಲ್ಲರೂ ಸೆಲ್ಲಕ್ಕ ಎಂದೇ ಕರೆಯುತ್ತಿದ್ದರು. ಗಂಡನದು ಗಡಿಯಾರ ರಿಪೇರಿ ಅಂಗಡಿ. ಹಾಗಾಗಿ ಈ ಹೆಸರು ಮನೆಯ ಬೀದಿಗೂ ತಲುಪಿದ ಮೇಲೆ, ಗೋಡೆ ಗಡಿಯಾರ ನಿಂತವರೆಲ್ಲ ಬಾಗಿಲಿಗೆ ಬಂದು, "ಸೆಲ್ಲಕ್ಕಾ, ಸಣ್ಣ ಸೆಲ್ಲು ಎರಡು ಕೊಡಿ" ಎಂದು ಕೈ ಚಾಚತೊಡಗಿದರು. ತಾನು ಸಾಕುವುದು ಮೂತ್ರಕೋಶದ ಕ್ಯಾನ್ಸರ್ ಕೋಶಗಳನ್ನು ಎಂದು ಒಮ್ಮೆ ವಾರಗಿತ್ತಿಗೆ ಬಿಡಿಸಿ ಹೇಳಿದ್ದಳು. ವಾರಗಿತ್ತಿ ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ. ಅಂದಿನಿಂದ ಯಾರು ಕೇಳಿದರೂ "ಆಫೀಸ್ ಕೆಲಸ" ಎಂದುಬಿಡುತ್ತಿದ್ದಳು.

ಎಷ್ಟೋ ದಶಕದ ಹಿಂದೆ ಯಾರೋ ರೋಗಿಯ ಗೆಡ್ಡೆಯಿಂದ ತೆಗೆದ ಕೋಶಗಳ ಸಂತಾನ ಅದು. ಮೈಬಿಸಿಯಷ್ಟು ಬೆಚ್ಚಗಿನ ಪೆಟ್ಟಿಗೆಯಲ್ಲಿ, ತಟ್ಟೆಗಳ ತಳಕ್ಕೆ ಅಂಟಿಕೊಂಡು ಬೆಳೆಯುತ್ತಿತ್ತು. ಎರಡು ದಿನಕ್ಕೊಮ್ಮೆ ಹಳೆಯ ಕೆಂಪು ದ್ರವ ಹೀರಿ ಹೊಸದು ಹಾಕಬೇಕು, ಭಾನುವಾರವೂ ರಜೆಯಿಲ್ಲ. ಹಾಕಿದ್ದು, ತೆಗೆದದ್ದು, ದ್ರವದ ಬಣ್ಣ, ಕೋಶಗಳ ಲಕ್ಷಣ ಎಲ್ಲವನ್ನೂ ಸೆಲ್ಲಕ್ಕ ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದಳು. ಅದನ್ನು ಯಾರೂ ಓದುತ್ತಿರಲಿಲ್ಲ.

ಆ ವರ್ಷ ನಿರ್ದೇಶಕರ ತಲೆಗೆ ಮೈಕ್ರೋಆರ್‌ಎನ್‌ಎ ಹೊಕ್ಕಿತ್ತು. ಅದೇನೆಂದು ಸೆಲ್ಲಕ್ಕನಿಗೆ ವಿವರಿಸಿದವಳು ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ.

"ಜೀನ್ ಅಪ್ಪಣೆ ಕೊಡುತ್ತೆ ಅಕ್ಕ. ಆ ಅಪ್ಪಣೆಯ ನಕಲು ನೋಡ್ಕೊಂಡು ಕೋಶದೊಳಗೆ ಪ್ರೋಟೀನ್ ತಯಾರಾಗುತ್ತೆ. ಈ ಮೈಕ್ರೋಆರ್‌ಎನ್‌ಎ ಇದೆಯಲ್ಲ, ಬರೀ ಇಪ್ಪತ್ತೆರಡು ಅಕ್ಷರದ್ದು, ಅದು ಹೋಗಿ ಆ ನಕಲಿಗೆ ಅಂಟ್ಕೊಂಡುಬಿಡುತ್ತೆ. ಆಮೇಲೆ ಅದನ್ನ ಓದೋಕಾಗಲ್ಲ, ಎಷ್ಟೋ ಸಲ ನಕಲೇ ಹರಿದುಹೋಗುತ್ತೆ."

"ಜೀನಿಗೆ ಗೊತ್ತಾಗಲ್ವಾ?"

"ಅದು ಅಪ್ಪಣೆ ಕೊಡ್ತಾನೇ ಇರುತ್ತೆ."

"ನಿಮ್ಮ ನಿರ್ದೇಶಕರ ಹಾಗೆ" ಎಂದಳು ಸೆಲ್ಲಕ್ಕ.

ಹುಡುಗಿ ನಗು ತಡೆದುಕೊಂಡು ಮುಂದುವರಿಸಿದಳು. ಕ್ಯಾನ್ಸರ್ ಕೋಶಗಳಲ್ಲಿ ಇಂಥದೊಂದು ಮೈಕ್ರೋಆರ್‌ಎನ್‌ಎ ತೀರ ಕಡಿಮೆಯಾಗಿದೆ. ಅದಕ್ಕೇ 'ಬೆಳೆ, ಬೆಳೆ' ಎನ್ನುವ ಅಪ್ಪಣೆಗೆ ತಡೆಯಿಲ್ಲ. ಹೊರಗಿನಿಂದ ಅದನ್ನು ತುಂಬಿದರೆ ಬೆಳವಣಿಗೆ ನಿಲ್ಲಬೇಕು. ಜೊತೆಗೆ ಇನ್ನೊಂದು ಸಾಲು ತಟ್ಟೆಗಳಿಗೆ ಅಷ್ಟೇ ಉದ್ದದ, ಆದರೆ ಅಕ್ಷರ ಕಲಸಿದ ಸುಳ್ಳು ಆರ್‌ಎನ್‌ಎ ಹಾಕಿ ಹೋಲಿಸಬೇಕು.

ಹೋಲಿಕೆಗೆ ನಿರ್ದೇಶಕರಿಗೆ ವ್ಯವಧಾನವಿರಲಿಲ್ಲ. "ಮೊದಲು ನಿಜವಾದ್ದನ್ನ ಹಾಕು. ಸುಳ್ಳಿಂದು ಮುಂದಿನ ವಾರ ನೋಡೋಣ" ಎಂದರು.

ನಿಜವಾದ್ದು ಹಾಕಿದ ವಾರವೇ ಬೆಚ್ಚನೆ ಪೆಟ್ಟಿಗೆಗೆ ಬರುವ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಖಾಲಿಯಾಯಿತು. ಹೊಸದಕ್ಕೆ ಬರೆದ ಅರ್ಜಿ, ಸಿಲಿಂಡರನ್ನು 'ಪೀಠೋಪಕರಣ' ಎನ್ನಬೇಕೋ 'ಬಳಕೆ ವಸ್ತು' ಎನ್ನಬೇಕೋ ತಿಳಿಯದೆ ಉಗ್ರಾಣದ ಮೇಜಿನ ಮೇಲೆ ಮೂರು ದಿನ ಕೂತಿತು. ಆ ಗಾಳಿಯಿಲ್ಲದೆ ದ್ರವದ ಹದ ಕೆಟ್ಟು, ಕೆಂಪು ಹೋಗಿ ನೇರಳೆಯಾಯಿತು. ಕೋಶಗಳು ಮುದುಡಿಕೊಂಡವು. ಸೆಲ್ಲಕ್ಕ ಬರೆದಿಟ್ಟುಕೊಂಡು ಹುಡುಗಿಗೆ ಹೇಳಿದಳು. ಹುಡುಗಿ ನಿರ್ದೇಶಕರಿಗೆ ಹೇಳಿದಳು.

"ಬಣ್ಣ ನೋಡೋಕೆ ನಾವೇನು ಬಟ್ಟೆ ಅಂಗಡಿ ಇಟ್ಟಿದ್ದೀವಾ?" ಎಂದರು ಅವರು.

ಮುಂದಿನ ವಾರ ಹೊಸ ಸಿಲಿಂಡರ್ ಬಂತು. ಸುಳ್ಳು ಆರ್‌ಎನ್‌ಎ ಹಾಕಿದ ಕೋಶಗಳು ಸುಖವಾಗಿ ಉಸಿರಾಡಿಕೊಂಡು ಸೊಂಪಾಗಿ ಬೆಳೆದವು. ಲೆಕ್ಕ ಹಾಕಿದರೆ, ನಿಜವಾದ್ದು ಬೆಳವಣಿಗೆಯನ್ನು ನೂರಕ್ಕೆ ಎಂಬತ್ತರಷ್ಟು ಇಳಿಸಿತ್ತು! ನಿರ್ದೇಶಕರು ಕಾರಿಡಾರಿನಲ್ಲಿ ಎದುರಾದ ಕಸ ಗುಡಿಸುವವನ ಕೈಯನ್ನೂ ಕುಲುಕಿದರು. ಪತ್ರಿಕೆಯವರು ಬಂದು ಫೋಟೋ ಹಿಡಿದರು. ಎಂದೂ ಕೋಶದ ಕೋಣೆ ಹೊಕ್ಕಿರದ ನಿರ್ದೇಶಕರು ಸೆಲ್ಲಕ್ಕನ ಬಿಳಿ ಕೋಟು ಇಸಿದುಕೊಂಡು, ಸೂಕ್ಷ್ಮದರ್ಶಕದ ಮುಂದೆ ಕೂತು, ಮುಚ್ಚಳ ತೆಗೆಯದ ಮಸೂರದೊಳಗೆ ಗಾಢವಾಗಿ ಇಣುಕಿದರು.

ಅದಾಗಿ ತಿಂಗಳಿಗೆ ಕೆಲಸದ ಪರಿಶೀಲನೆಗೆಂದು ಹೊರಗಿನಿಂದ ಒಬ್ಬ ಹಿರಿಯ ವಿಜ್ಞಾನಿ ಬಂದರು. ನರೆತ ಕೂದಲಿನ, ಮೆತ್ತಗೆ ಮಾತಾಡುವ ಹೆಂಗಸು. ನಿರ್ದೇಶಕರು ಪರದೆಯ ಮೇಲೆ ಎಂಬತ್ತನ್ನು ಆರು ಬಣ್ಣದಲ್ಲಿ ತೋರಿಸಿದರು.

"ಕೋಶಗಳನ್ನ ನೋಡ್ಕೊಳ್ಳೋದು ಯಾರು?" ಎಂದು ಆಕೆ ಕೇಳಿದರು.

"ನಮ್ಮ ತಂಡ, ಮೇಡಂ."

"ತಂಡಕ್ಕೆ ಕೈ ಇರಲ್ಲ. ಯಾರ ಕೈ?"

ಸೆಲ್ಲಕ್ಕನಿಗೆ ಕರೆ ಹೋಯಿತು. ರಿಜಿಸ್ಟರ್ ಎದೆಗವುಚಿಕೊಂಡು ಬಂದವಳು ಬಾಗಿಲಲ್ಲೇ ನಿಂತಳು. ಬಾಯಿ ಬಿಟ್ಟರೆ ಹುಡುಗಿಯ ನಾಲ್ಕು ವರ್ಷದ ಓದು ಮಣ್ಣುಪಾಲು. ಬಿಡದಿದ್ದರೆ, ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಯಾರೋ ರೋಗಿ ಈ ಎಂಬತ್ತನ್ನು ನಂಬಿಕೊಂಡು ಕಾಯುತ್ತಾನೆ. ಹುಡುಗಿಯ ಮುಖ ನೋಡಿದಳು. ಅವಳು ತುಟಿ ಕಚ್ಚಿಕೊಂಡು, ಹೇಳಿ ಎನ್ನುವಂತೆ ತಲೆ ಆಡಿಸಿದಳು.

"ಆ ವಾರ ಗ್ಯಾಸ್ ಇರಲಿಲ್ಲ ಮೇಡಂ" ಎಂದಳು ಸೆಲ್ಲಕ್ಕ. "ಕೋಶ ಬೆಳೀಲಿಲ್ಲ, ನಿಜ. ಆದ್ರೆ ಆವತ್ತು ಆ ಪೆಟ್ಟಿಗೇಲಿ ಏನು ಹಾಕಿದ್ರೂ ಬೆಳೀತಿರಲಿಲ್ಲ."

ಹಿರಿಯಾಕೆ ರಿಜಿಸ್ಟರ್ ತಿರುವಿ, 'ನೇರಳೆ' ಎಂಬಲ್ಲಿ ಬೆರಳಿಟ್ಟು ಎರಡು ಸಲ ಓದಿದರು. ನಿರ್ದೇಶಕರು ಪಟ್ಟು ಬಿಡಲಿಲ್ಲ. "ಇದು ನಿಗದಿತ ನಮೂನೆಯಲ್ಲಿಲ್ಲವಲ್ಲ, ಮೇಡಂ" ಎಂದರು.

ಆಕೆಯ ಸೂಚನೆಯಂತೆ ಆರು ವಾರ ಎಲ್ಲವನ್ನೂ ಮೊದಲಿನಿಂದ ಮಾಡಿದರು. ನಿಜವಾದ್ದು, ಸುಳ್ಳು ಎರಡೂ ಒಂದೇ ದಿನ, ಒಂದೇ ಪೆಟ್ಟಿಗೆಯಲ್ಲಿ. ಸೆಲ್ಲಕ್ಕ ದಿನಕ್ಕೆರಡು ಸಲ ಸಿಲಿಂಡರಿನ ಮುಳ್ಳು ನೋಡಿದಳು. ಕೊನೆಗೆ ಎಂಬತ್ತು ಇಪ್ಪತ್ತಾರಕ್ಕೆ ಇಳಿಯಿತು. ಹುಡುಗಿ ಮೊದಲು ಅತ್ತಳು. ಆಮೇಲೆ ಪ್ರೋಟೀನಿನ ಅಳತೆ ಬಂತು: ಬೆಳವಣಿಗೆಯ ಆ ಪ್ರೋಟೀನ್ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಮೂರು ಸಲ ಮಾಡಿದರೂ ಅಷ್ಟೇ.

"ಅಕ್ಕ, ಚಿಕ್ಕದು. ಆದ್ರೆ ಇದೆ!" ಎಂದು ಸೆಲ್ಲಕ್ಕನ ಭುಜ ಹಿಡಿದು ಅಲ್ಲಾಡಿಸಿದಳು.

ನಿರ್ದೇಶಕರಂತೂ ಎರಡೇ ತಿಂಗಳಲ್ಲಿ 'ಹೋಲಿಕೆ ಪ್ರಯೋಗದ ಮಹತ್ವ' ಎಂಬ ವಿಷಯದ ಮೇಲೆ ಊರೂರು ಸುತ್ತಿ ಭಾಷಣ ಮಾಡತೊಡಗಿದರು. ಸಿಲಿಂಡರ್ ಬದಲಿಸಿದ್ದನ್ನು ಇನ್ನು ಮುಂದೆ ಮೂರು ಪ್ರತಿಗಳಲ್ಲಿ ದಾಖಲಿಸತಕ್ಕದ್ದು ಎಂಬ ಸುತ್ತೋಲೆ ಸೆಲ್ಲಕ್ಕನ ಕೈಸೇರಿತು. ಉಗ್ರಾಣಕ್ಕೆ ಯಾವ ಸುತ್ತೋಲೆಯೂ ಹೋಗಲಿಲ್ಲ.

ವರ್ಷದ ಕೊನೆಗೆ ಪ್ರಬಂಧ ಅಚ್ಚಾಯಿತು, ಇಪ್ಪತ್ತಾರು ಎಂದೇ. ಹುಡುಗಿ ಹಟ ಹಿಡಿದು ಸೆಲ್ಲಕ್ಕನ ನಿಜವಾದ ಹೆಸರನ್ನೂ ಬರೆದವರ ಸಾಲಿಗೆ ಸೇರಿಸಿದ್ದಳು. ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಆ ಹಾಳೆ ಹಿಡಿದು ಎಣಿಸಿದ.

"ನೀನು ಹದಿನಾಲ್ಕನೆಯವಳು ಕಣೆ. ಕೋಶ ಸಾಕಿದ್ದು ನೀನು, ಪ್ರಯೋಗ ಮಾಡಿದ್ದು ಆ ಹುಡುಗಿ. ಮಿಕ್ಕ ಹನ್ನೆರಡು ಜನ ಏನ್ ಮಾಡಿದ್ರು?"

"ಮೀಟಿಂಗ್ ಮಾಡಿದ್ರು" ಎಂದಳು ಸೆಲ್ಲಕ್ಕ, ಹಾಳೆಯನ್ನು ಅವನ ಎಣ್ಣೆಗೈಯಿಂದ ಮೆಲ್ಲಗೆ ಬಿಡಿಸಿಕೊಳ್ಳುತ್ತ.