ಮೊಡವೆ ಅಳಿಸಿದ ಫೋಟೋ

“ಅಯ್ಯೋ, ಏನಮ್ಮಾ ಇದು, ಮುಖ ಹಿಂಗಾಗ್ಬಿಟ್ಟಿದೆ?”

ಮೊನ್ನೆ ವರಮಹಾಲಕ್ಷ್ಮಿ ಹಬ್ಬದ ಸಂಜೆ, ಬನಶಂಕರಿಯ ನನ್ನ ತಂಗಿ ಸುಮಾಳ ಮನೆಗೆ ಅರಿಶಿನ-ಕುಂಕುಮಕ್ಕೆ ಬಂದವರೆಲ್ಲ ಆಡಿದ್ದು ಇದೊಂದೇ ಮಾತು. ಅನ್ನಿಸಿಕೊಂಡವಳು ಸುಮಾಳ ಮಗಳು ಮೇಘನಾ. ಫಸ್ಟ್ ಪಿಯು ಓದುತ್ತಿದ್ದಾಳೆ. ತಾಂಬೂಲದ ತಟ್ಟೆ ಹಿಡಿದು ನಿಂತವಳು ಓಡಿಹೋಗುವುದಾದರೂ ಎಲ್ಲಿಗೆ?

ಒಬ್ಬರು ಗಲ್ಲ ಹಿಡಿದು ಟ್ಯೂಬ್‌ಲೈಟಿನ ಕಡೆ ತಿರುಗಿಸಿ ನೋಡಿದರು. (ಬದನೆಕಾಯಿ ಆರಿಸುವಾಗಲೂ ಯಾರೂ ಇಷ್ಟು ತಿರುಗಿಸುವುದಿಲ್ಲ.) “ಕರಿದ ತಿಂಡಿ ಬಿಡು” ಎಂದರು. ಅವರ ಕೈಯಲ್ಲೇ ಆಂಬೊಡೆ ಇತ್ತು. ಇನ್ನೊಬ್ಬರು, “ರಾತ್ರಿ ಟೂತ್‌ಪೇಸ್ಟ್ ಹಚ್ಕೊಂಡು ಮಲ್ಕೊ” ಎಂದರು. ಮತ್ತೊಬ್ಬರದು, “ಮುಖ ಸರಿಯಾಗಿ ತೊಳ್ಕೊಳಲ್ವಾ?”

ಪಾಪ, ಉಜ್ಜಿ ಉಜ್ಜಿ ತೊಳೆದೇ ಆ ಹುಡುಗಿ ಚರ್ಮ ಕೆಂಪಾಗಿಸಿಕೊಂಡಿದ್ದಳು.

ದೊಡ್ಡ ಎಡವಟ್ಟು ಆಗಿದ್ದು ಹಬ್ಬಕ್ಕೂ ಮೊದಲೇ. ಪಕ್ಕದ ಫ್ಲ್ಯಾಟಿನ ಆಂಟಿ, ತಮ್ಮ ಮಗಳು ಮದುವೆಗೆ ಮುಂಚೆ ಹಚ್ಚಿಕೊಂಡ ಕ್ರೀಮಿನ ಹೆಸರು ಹೇಳಿದ್ದರು. ಸುಮಾ ಮೆಡಿಕಲ್ ಶಾಪಿನಲ್ಲಿ ಕೇಳಿದಳು. ಡಾಕ್ಟರ ಚೀಟಿ ಇಲ್ಲದೆಯೇ ಕೊಟ್ಟರು. ಕೆಲವು ವಾರ ಮುಖ ಫಳಫಳ. ನಿಲ್ಲಿಸಿದ್ದೇ ತಡ, ಮೊಡವೆಗಳು ಮೊದಲಿಗಿಂತ ಹೆಚ್ಚಾಗಿ ಎದ್ದವು.

ಹಬ್ಬ ಮುಗಿದ ಮೇಲೆ ನಾನೇ ಮೇಘನಾಳನ್ನು ಜಯನಗರದ ಚರ್ಮರೋಗದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ.

“ಇದ್ರಲ್ಲಿ ಸ್ಟೆರಾಯ್ಡ್ ಇದೆ. ಮೊಡವೆಗೆ ಹಚ್ಚೋದಲ್ಲ ಇದು” ಎಂದರು ಅವರು, ನಾವು ಒಯ್ದಿದ್ದ ಕ್ರೀಮಿನ ಟ್ಯೂಬ್ ನೋಡಿ. ಆಮೇಲೆ ಅವಳ ಕಡೆ ತಿರುಗಿ, “ಈ ವಯಸ್ಸಲ್ಲಿ ಹಾರ್ಮೋನಿಂದ ಬರತ್ತೆ ಮರಿ, ನಿನ್ನ ತಪ್ಪೇನಿಲ್ಲ. ಚಿವುಟಬೇಡ, ಉಜ್ಜಬೇಡ. ದಿನಕ್ಕೆ ಎರಡು ಸಲ ಮೆತ್ತಗೆ ತೊಳ್ಕೊ, ಸಾಕು. ಔಷಧಿ ಕೆಲಸ ಮಾಡಕ್ಕೆ ತಿಂಗಳುಗಳೇ ಹಿಡಿಯತ್ತೆ, ಮಧ್ಯ ಬಿಡ್ಬೇಡ” ಎಂದರು.

‘ನಿನ್ನ ತಪ್ಪೇನಿಲ್ಲ’ ಎಂದಿದ್ದಕ್ಕೇ ಅವಳು ಅಲ್ಲೇ ಅತ್ತುಬಿಟ್ಟಳು. ಇಷ್ಟು ದಿನ ನಮ್ಮಲ್ಲಿ ಯಾರಾದರೂ ಅದನ್ನು ಹೇಳಿದ್ದೆವಾ?

ವಾಪಸ್ ಬರುವಾಗ ಆಟೋದಲ್ಲಿ ಅವಳ ಮೊಬೈಲ್ ಸದ್ದು ಮಾಡಿತು. ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಸುಮಾ ಹಬ್ಬದ ಫೋಟೋ ಹಾಕಿದ್ದಳು. ಕಲಶದ ಪಕ್ಕದಲ್ಲಿ ಮೇಘನಾ. ಕೆನ್ನೆಯ ಮೇಲೆ ಒಂದು ಚುಕ್ಕೆಯೂ ಇಲ್ಲ! ಅಮ್ಮ ಫಿಲ್ಟರ್ ಹಾಕಿ ಎಲ್ಲ ಅಳಿಸಿದ್ದಳು. ಕೆಳಗೆ ಸಾಲು ಸಾಲು ಹಾರ್ಟುಗಳು. “ಈಗ ಲಕ್ಷಣವಾಗಿ ಕಾಣ್ತಾಳೆ” ಎಂದು ಯಾರೋ ಬರೆದಿದ್ದರು.

ಮೇಘನಾ ಫೋನನ್ನು ನನ್ನ ಕೈಗಿಟ್ಟಳು. “ದೊಡ್ಡಮ್ಮ, ಅಮ್ಮಂಗೂ ನನ್ನ ಮುಖ ನೋಡಕ್ಕಾಗ್ತಿಲ್ಲ.”

ಮನೆಗೆ ಹೋಗಿ ಸುಮಾಳನ್ನು ಕೇಳಿದರೆ, “ಯಾರೂ ಏನೂ ಅನ್ಬಾರ್ದು ಅಂತ ಮಾಡ್ದೆ ಅಕ್ಕ” ಎಂದು ಕಣ್ಣೀರು ಹಾಕಿದಳು. ಪ್ರೀತಿಯಿಂದಲೇ ಮಾಡಿದ್ದಾಳೆ, ಅನುಮಾನವಿಲ್ಲ. ಆದರೆ ಮಗಳಿಗೆ ತಲುಪಿದ್ದು ಬೇರೆಯೇ.

ಆವತ್ತಿನಿಂದ ಮೇಘನಾ ಮನೆಯೊಳಗೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಾಳೆ. ಊಟ ರೂಮಿನಲ್ಲೇ, ಬಾಗಿಲು ಹಾಕಿಕೊಂಡು.

ಹೆತ್ತವಳ ಮುಂದೆಯೇ ಮುಖ ಮುಚ್ಚಿಕೊಳ್ಳುವ ಮಗು ಇನ್ಯಾರ ಮುಂದೆ ಅದನ್ನು ತೆರೆಯಬೇಕು?